ಅಶ್ವಶಕ್ತಿಯೂ ಹಿಡಿತವೂ

ಮೋಟಾರು ಬಂಡಿಯೊಂದರ ಮಾತು ಬಂದಾಗ ತರುಣರು ಕೇಳುವ ಮೊದಲ ಪ್ರಶ್ನೆ, "ಅದರ ಅಶ್ವಶಕ್ತಿ ಎಷ್ಟು?" ಎಂಬುದು. ಎರಡನೆಯದು, "ಅದು ಎಷ್ಟು ವೇಗವಾಗಿ ಓಡಬಲ್ಲುದು?" ಎಂಬುದು. ಈ ಎರಡಕ್ಕೂ ಉತ್ತರ ದೊರೆತರೆ ಬಂಡಿಯ ಯೋಗ್ಯತೆಯೆಲ್ಲವೂ ತಿಳಿದಂತಾಯಿತೆಂದು ಅವರು ತೃಪ್ತರಾಗುತ್ತಾರೆ. ಮೂರನೆಯದೊಂದು ಪ್ರಶ್ನೆಯುಂಟು: "ಅದರ ಗಾಲಿಗಳು ನೆಲವನ್ನು ಎಷ್ಟು ಬಿಗಿಯಾಗಿ ಹಿಡಿಯಬಲ್ಲವು?" ಇದನ್ನು ಕೇಳುವವರು ವಿರಳ. ನಮ್ಮ ಅಭಿಪ್ರಾಯದಲ್ಲಿ ಮೊದಲು ಕೇಳಬೇಕಾದದ್ದು ಈ ಮೂರನೆಯ ಪ್ರಶ್ನೆಯನ್ನೇ. ಬಂಡಿ ತಿರುಗುವುದು, ನಿಲ್ಲುವುದು, ಮುನ್ನುಗ್ಗುವುದು, ಸವಾರನು ಮನೆಗೆ ಮರಳುವುದು, ಎಲ್ಲವೂ ಈ ಹಿಡಿತವನ್ನು ಅವಲಂಬಿಸಿವೆ. ಇದನ್ನು ಸ್ಪಷ್ಟಪಡಿಸಲು ಅಮೆರಿಕದ ಹವ್ಯಾಸಿಗಳ ಒಂದು ಆಟವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ೧೯೬೦ರ ದಶಕದಲ್ಲಿ 'ಮಸಲ್ ಕಾರು' ಎಂಬ ಬಗೆಯ ಬಂಡಿಗಳು ತಲೆಯೆತ್ತಿದವು. ಮಸಲ್ ಎಂದರೆ ಮಾಂಸಖಂಡ. ತೋಳ್ಬಲವೇ ಇವುಗಳ ಬಂಡವಾಳವೆಂಬ ಅರ್ಥದಲ್ಲಿ ಈ ಹೆಸರು ಬಂದಿತು. ಮಧ್ಯಮ ಗಾತ್ರದ, ಸಾಧಾರಣ ಬೆಲೆಯ ಕಾರಿನೊಳಗೆ ದೊಡ್ಡ ಕಾರಿನ ಎಂಜಿನನ್ನು ಕೂರಿಸುವುದೇ ಇವುಗಳ ಸೂತ್ರ. ೧೯೬೪ರಲ್ಲಿ ಪಾಂಟಿಯಾಕ್ ಕಂಪನಿಯವರು ತಮ್ಮ ಟೆಂಪೆಸ್ಟ್ ಕಾರಿಗೆ ೬.೪ ಲೀಟರಿನ, ೩೨೫ ಅಶ್ವಶಕ್ತಿಯ ಎಂಜಿನನ್ನು ಅಳವಡಿಸಿ 'ಜಿ.ಟಿ.ಓ.' ಎಂಬ ಹೆಸರಿನಲ್ಲಿ ಮಾರಿದರು. ಈ ವಂಶದ ಆರಂಭ ಇಲ್ಲಿಂದಲೇ ಎಂದು ಸಾಮಾನ್ಯವಾಗಿ ಹೇಳುವರು. ಅದೇ ವರ್ಷ ಏಪ್ರಿಲ್ ೧೭ರಂದು ಫೋರ್ಡ್ ಕಂಪನಿಯ ಮಸ್ಟಾಂಗ್ ಹೊರಬಂದು, ಮೊದಲ ವರ್ಷದಲ್ಲಿಯೇ ನಾಲ್ಕು ಲಕ್ಷಕ್ಕಿಂತ ಹೆಚ್ಚು ಮಾರಾಟವಾಯಿತು. ಮಸ್ಟಾಂಗನ್ನು 'ಪೋನಿ ಕಾರು' ಎಂದು ಬೇರೆಯೇ ವರ್ಗಕ್ಕೆ ಸೇರಿಸುವವರೂ ಇದ್ದಾರೆ; ನಮ್ಮ ವಿಷಯಕ್ಕೆ ಆ ಭೇದ ಮುಖ್ಯವಲ್ಲ. ೧೯೭೦ರ ವಾಯುಶುದ್ಧಿಯ ಶಾಸನ, ೧೯೭೩ರ ತೈಲದ ಮುಗ್ಗಟ್ಟು, ಏರಿದ ವಿಮೆಯ ದರ, ಇವೆಲ್ಲ ಸೇರಿ ಆ ಯುಗವನ್ನು ಮುಗಿಸಿದವು. ಆದರೆ ಕಾರುಗಳು ಉಳಿದುಕೊಂಡವು. ಅವುಗಳನ್ನು ರಿಪೇರಿ ಮಾಡಿ, ಉಜ್ಜಿ, ಓಡಿಸುವ ಹವ್ಯಾಸಿಗಳು ಇಂದಿಗೂ ಸಾವಿರಾರು ಮಂದಿ ಇದ್ದಾರೆ.

ಈ ಬಂಡಿಗಳು ಹೆಸರು ಗಳಿಸಿದ್ದು ನೇರ ಓಟದಲ್ಲಿ. ಕಾಲು ಮೈಲಿ ಉದ್ದದ ನೆಟ್ಟನೆಯ ಹಾದಿಯನ್ನು ಯಾರು ಬೇಗ ಮುಗಿಸುವರು ಎಂಬುದೇ ಅಂದಿನ ಪಂದ್ಯ. ಅಶ್ವಶಕ್ತಿಯ ಅಂಕಿಗಳೂ ಜಾಹೀರಾತಿನ ಸಲುವಾಗಿ ಉಬ್ಬಿದವುಗಳೇ ಆಗಿದ್ದವು. ಎಂಜಿನನ್ನು ಕಾರಿನಿಂದ ಹೊರಗಿಟ್ಟು, ಬೀಸಣಿಗೆ, ಹೊಗೆಕೊಳವೆ ಮುಂತಾದ ಹೊರೆಗಳನ್ನು ಕಳಚಿ ಅಳೆದ ಅಂಕಿಗಳು ಅವು. ೧೯೭೨ರ ಹೊತ್ತಿಗೆ ಈ ಪದ್ಧತಿಯನ್ನು ಕೈಬಿಟ್ಟು, ಎಲ್ಲ ಹೊರೆಗಳೊಡನೆ ಅಳೆಯುವ ಕ್ರಮ ಬಂದಾಗ, ಅದೇ ಎಂಜಿನಿನ ಅಂಕಿ ಕಾಗದದ ಮೇಲೆ ಒಮ್ಮೆಲೆ ಇಳಿಯಿತು. ಎಂಜಿನು ಬದಲಾಗಿರಲಿಲ್ಲ, ಅಳತೆ ಬದಲಾಗಿತ್ತು. ಬರಿಯ ಅಂಕಿಯನ್ನು ಪೂಜಿಸುವವರು ನೆನಪಿಡಬೇಕಾದ ಸಂಗತಿ ಇದು.

ಇಂತಹ ಬಂಡಿಯನ್ನು ಈಗ ಬೇರೊಂದು ಪರೀಕ್ಷೆಗೆ ಒಡ್ಡೋಣ. ಅದರ ಹೆಸರು 'ಆಟೋಕ್ರಾಸ್'. ವಿಶಾಲವಾದ ಒಂದು ಬಯಲು, ಹಳೆಯ ವಿಮಾನ ನಿಲ್ದಾಣದ ಕಾಂಕ್ರೀಟು ನೆಲವೋ ದೊಡ್ಡ ವಾಹನ ತಂಗುದಾಣವೋ ಯಾವುದಾದರೂ ಆಗಬಹುದು. ಅಲ್ಲಿ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಶಂಕುಗಳನ್ನು ನಿಲ್ಲಿಸಿ ಅಂಕುಡೊಂಕಾದ ಹಾದಿಯನ್ನು ಗುರುತಿಸುತ್ತಾರೆ. ಹಾದಿಯ ಉದ್ದ ಬಹುಮಟ್ಟಿಗೆ ಒಂದು ಕಿಲೋಮೀಟರಿನ ಆಸುಪಾಸು. ಕಾರುಗಳು ಒಂದರೊಡನೊಂದು ಸೆಣಸುವುದಿಲ್ಲ. ಒಂದೊಂದಾಗಿ ಹೊರಟು ಗಡಿಯಾರದೊಡನೆ ಸೆಣಸುತ್ತವೆ. ಒಂದು ಓಟ ಸುಮಾರು ಒಂದು ನಿಮಿಷದಲ್ಲಿ ಮುಗಿಯುತ್ತದೆ. ಕಾಲವನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗದವರೆಗೆ ಅಳೆಯುತ್ತಾರೆ. ಉರುಳಿಸಿದ ಪ್ರತಿಯೊಂದು ಶಂಕುವಿಗೂ ೨ ಸೆಕೆಂಡುಗಳ ದಂಡ. ಹಾದಿ ತಪ್ಪಿದರೆ ಆ ಓಟವೇ ಲೆಕ್ಕಕ್ಕಿಲ್ಲ. ತನ್ನ ಸರದಿ ಮುಗಿಸಿದವನು ಬಿಸಿಲಿನಲ್ಲಿ ನಿಂತು ಇತರರು ಕೆಡವಿದ ಶಂಕುಗಳನ್ನು ಎತ್ತಿ ನಿಲ್ಲಿಸಬೇಕು. ೧೯೪೪ರಲ್ಲಿ ಸ್ಥಾಪಿತವಾದ 'ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ' ಎಂಬ ಸಂಸ್ಥೆಯು ೧೯೭೩ರಿಂದ ಈ ಆಟದ ರಾಷ್ಟ್ರೀಯ ಪಂದ್ಯಗಳನ್ನು ಏರ್ಪಡಿಸುತ್ತ ಬಂದಿದೆ. ಹಳೆಯ ಅಮೆರಿಕನ್ ಮಸಲ್ ಕಾರುಗಳಿಗೆಂದೇ ಪ್ರತ್ಯೇಕ ವರ್ಗವನ್ನೂ ಕಲ್ಪಿಸಿದೆ. ಬ್ರಿಟನ್ನಿನಲ್ಲಿಯೂ ನಮ್ಮ ದೇಶದಲ್ಲಿಯೂ ಇದೇ ಹೆಸರಿನಿಂದ ನಡೆಯುವ ಸ್ಪರ್ಧೆಗಳು ಬಹುಮಟ್ಟಿಗೆ ಮಣ್ಣಿನ ಅಥವಾ ಹುಲ್ಲಿನ ನೆಲದವು. ಇಲ್ಲಿ ನಾವು ಹೇಳುತ್ತಿರುವುದು ಅಮೆರಿಕದ ಗಟ್ಟಿನೆಲದ ಆಟವನ್ನು.

ನೇರ ಹಾದಿಯಲ್ಲಿ ಸಿಂಹದಂತೆ ಗರ್ಜಿಸುವ ಕಾರು ಈ ಶಂಕುಗಳ ನಡುವೆ ಕಾಲಿಟ್ಟೊಡನೆ ತಡವರಿಸುತ್ತದೆ. ಅದರ ಮೂತಿ ಭಾರ, ಸ್ಟಿಯರಿಂಗ್ ನಿಧಾನ, ಒಡಲು ದೋಣಿಯಂತೆ ಓಲಾಡುವುದು. ಅದರ ಅರ್ಧದಷ್ಟೂ ಅಶ್ವಶಕ್ತಿಯಿಲ್ಲದ ಪುಟ್ಟ ಕಾರೊಂದು ಅದಕ್ಕಿಂತ ಬೇಗ ಗುರಿ ಮುಟ್ಟಿಬಿಡುವುದುಂಟು. ಏಕೆ ಹೀಗೆ?

ಬಂಡಿಯೊಂದು ವೃತ್ತಾಕಾರವಾಗಿ ತಿರುಗಬೇಕಾದರೆ ಅದನ್ನು ಕೇಂದ್ರದ ಕಡೆಗೆ ಸೆಳೆಯುವ ಬಲ ಬೇಕಷ್ಟೆ? ಆ ಬಲವನ್ನು ಒದಗಿಸುವುದು ಎಂಜಿನಲ್ಲ; ಟೈರಿಗೂ ನೆಲಕ್ಕೂ ನಡುವಣ ಘರ್ಷಣೆ. ಬೇಕಾದ ವೇಗೋತ್ಕರ್ಷವು ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದಷ್ಟು; ದೊರೆಯಬಲ್ಲ ಗರಿಷ್ಠ ವೇಗೋತ್ಕರ್ಷವು ಘರ್ಷಣಾಂಕವನ್ನು ಗುರುತ್ವದ ವೇಗೋತ್ಕರ್ಷದಿಂದ ಗುಣಿಸಿದಷ್ಟು. ಇವೆರಡನ್ನೂ ಸಮವೆಂದಿಟ್ಟರೆ ತಿರುವಿನ ಗರಿಷ್ಠ ವೇಗ ದೊರೆಯುತ್ತದೆ. ೧೫ ಮೀಟರ್ ತ್ರಿಜ್ಯದ ತಿರುವಿನಲ್ಲಿ ಘರ್ಷಣಾಂಕ ೦.೮ ಆಗಿದ್ದರೆ ಆ ವೇಗ ಗಂಟೆಗೆ ೩೯ ಕಿಲೋಮೀಟರ್; ಘರ್ಷಣಾಂಕ ೧ ಆದರೆ ಸುಮಾರು ೪೪ ಕಿಲೋಮೀಟರ್. ಅಶ್ವಶಕ್ತಿಯು ಈ ಲೆಕ್ಕದಲ್ಲಿ ಎಲ್ಲಿಯೂ ಬರಲೇ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಅರ್ಧವೃತ್ತದ ತಿರುವೊಂದನ್ನು ಮುಗಿಸಲು ಮೊದಲನೆಯ ಬಂಡಿಗೆ ೪.೩ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಕಾಲ ಹಿಡಿದರೆ ಎರಡನೆಯದಕ್ಕೆ ೩.೯ ಸೆಕೆಂಡು ಸಾಕು. ಸಾವಿರದಲ್ಲೊಂದು ಭಾಗವನ್ನು ಎಣಿಸುವ ಆಟದಲ್ಲಿ ಒಂದೇ ತಿರುವಿನಲ್ಲಿ ಅರ್ಧ ಸೆಕೆಂಡಿನ ಸಮೀಪದ ಲಾಭ! ಇಂತಹ ಎಂಟು ಹತ್ತು ತಿರುವುಗಳಿದ್ದರೆ ಫಲವೇನೆಂದು ಯಾರಾದರೂ ಊಹಿಸಬಹುದು.

"ತಿರುವು ಮುಗಿದ ಮೇಲೆ ಅಶ್ವಶಕ್ತಿ ಕೆಲಸಕ್ಕೆ ಬರುವುದಲ್ಲವೆ?" ಎಂದು ಕೇಳಬಹುದು. ಅದನ್ನೂ ಲೆಕ್ಕ ಹಾಕಿಯೇ ನೋಡೋಣ. ಸವಾರನೂ ಸೇರಿ ೧೪೦೦ ಕಿಲೋಗ್ರಾಂ ತೂಗುವ ಹಳೆಯ ಮಸ್ಟಾಂಗನ್ನು ತೆಗೆದುಕೊಳ್ಳೋಣ. ಇದನ್ನು ನೂಕುವುದು ಹಿಂದಿನ ಎರಡು ಗಾಲಿಗಳು ಮಾತ್ರ. ಅವುಗಳ ಮೇಲೆ ಬೀಳುವ ಭಾರ ಒಟ್ಟು ತೂಕದ ಅರ್ಧಕ್ಕಿಂತ ಕಡಿಮೆ. ಮುನ್ನುಗ್ಗುವಾಗ ಹಿಂದಕ್ಕೆ ಸರಿಯುವ ಭಾರವನ್ನು ಸೇರಿಸಿಕೊಂಡರೂ, ಘರ್ಷಣಾಂಕ ೦.೯ ಆಗಿರುವಲ್ಲಿ, ಈ ಕಾರು ಪಡೆಯಬಲ್ಲ ವೇಗೋತ್ಕರ್ಷ ಗುರುತ್ವದ ವೇಗೋತ್ಕರ್ಷದ ಅರ್ಧದಷ್ಟು ಮಾತ್ರ. ಅದಕ್ಕೆ ಬೇಕಾದ ಬಲ ಸುಮಾರು ೬೮೬೦ ನ್ಯೂಟನ್. ಸೆಕೆಂಡಿಗೆ ೧೨ ಮೀಟರ್, ಎಂದರೆ ಗಂಟೆಗೆ ೪೩ ಕಿಲೋಮೀಟರ್ ವೇಗದಲ್ಲಿ ಈ ಬಲವನ್ನು ಒದಗಿಸಲು ೮೨ ಕಿಲೋವಾಟ್, ಅಂದರೆ ೧೧೦ ಅಶ್ವಶಕ್ತಿ ಸಾಕು. ಅದಕ್ಕಿಂತ ಹೆಚ್ಚು ಒತ್ತಿದರೆ ಗಾಲಿಗಳು ನಿಂತಲ್ಲೇ ಗಿರ್ರನೆ ಸುತ್ತಿ ಹೊಗೆಯೆಬ್ಬಿಸುವುವೇ ಹೊರತು ಕಾರು ಮುಂದಕ್ಕೆ ಹೋಗದು. ಗಂಟೆಗೆ ೭೨ ಕಿಲೋಮೀಟರ್ ವೇಗದಲ್ಲಿಯೂ ನೆಲಕ್ಕೆ ಇಳಿಸಬಹುದಾದದ್ದು ಸುಮಾರು ೧೮೫ ಅಶ್ವಶಕ್ತಿ ಮಾತ್ರ. ೧೯೬೫ರ ಮಸ್ಟಾಂಗಿನ ೪.೭ ಲೀಟರಿನ ಎಂಜಿನಿಗೆ ಕಂಪನಿಯವರು ಹೇಳಿಕೊಂಡದ್ದು, ಮಾದರಿಗೆ ತಕ್ಕಂತೆ, ೨೦೦ರಿಂದ ೨೭೧ ಅಶ್ವಶಕ್ತಿ. ಉಬ್ಬಿದ ಅಂಕಿಯೆಂದು ಅದರಲ್ಲಿ ಒಂದಿಷ್ಟು ಕಳೆದರೂ, ಶಂಕುಗಳ ನಡುವಣ ವೇಗಕ್ಕೆ ಅದು ಧಾರಾಳವಾಯಿತು. ಹೀಗಿರಲು ಎಂಜಿನಿಗೆ ಇನ್ನೂ ಹಣ ಸುರಿಯುವುದು ತುಂಬಿದ ಕೊಡಕ್ಕೆ ನೀರು ಹೊಯ್ದಂತೆ.

ಆದುದರಿಂದ ಬಂಡಿಯನ್ನು ಸಿದ್ಧಪಡಿಸುವ ಕ್ರಮವೇ ತಲೆಕೆಳಗಾಗಬೇಕು. ಮೊದಲು ಕ್ಷೇಮ, ಅನಂತರ ಹಿಡಿತ, ಕೊನೆಗೆ ಶಕ್ತಿ. ಅರವತ್ತು ವರ್ಷ ಹಳೆಯ ಕಾರಿನ ಬ್ರೇಕಿನ ರಬ್ಬರು ಕೊಳವೆಗಳು ಒಳಗಿನಿಂದ ಕೊಳೆತಿರಬಹುದು; ಗಾಲಿಯ ಬೇರಿಂಗುಗಳು ಸಡಿಲವಾಗಿರಬಹುದು; ಬ್ಯಾಟರಿಯು ಬಿಗಿಯಿಲ್ಲದೆ ಕುಳಿತಿರಬಹುದು. ಪಂದ್ಯದ ದಿನ ಪರೀಕ್ಷಕರು ಇಂತಹವನ್ನು ನೋಡಿಯೇ ಒಳಗೆ ಬಿಡುವರು. ತಲೆಗೆ ಹೆಲ್ಮೆಟ್ ಕಡ್ಡಾಯ. ಮೂಲ ಆಸನವು ಸೋಫಾದಂತೆ ಚಪ್ಪಟೆಯಾದುದು. ಅದರಲ್ಲಿ ಕುಳಿತವನು ತಿರುವಿನಲ್ಲಿ ಜಾರದಿರಲು ಸ್ಟಿಯರಿಂಗ್ ಚಕ್ರಕ್ಕೇ ಜೋತುಬೀಳುವನು. ಜೋತುಬಿದ್ದ ಕೈ ನಡೆಸಲಾರದು. ಆದ್ದರಿಂದ ದೇಹವನ್ನು ಹಿಡಿದಿಡುವ ಆಸನ, ಪಟ್ಟಿಗಳು ಮೊದಲು ಬೇಕು.

ಆಮೇಲೆ ಟೈರುಗಳು. ೧೯೬೫ರಲ್ಲಿ ಈ ಕಾರುಗಳೊಡನೆ ಬಂದದ್ದು ಕಿರಿದಾದ, ಅಡ್ಡನೂಲಿನ ಹಳೆಯ ಬಗೆಯ ಟೈರುಗಳು. ಮಿಶೆಲಿನ್ ಕಂಪನಿಯು ೧೯೪೬ರಲ್ಲಿಯೇ ಸ್ವಾಮ್ಯ ಪಡೆದಿದ್ದ ರೇಡಿಯಲ್ ಟೈರು ಅಮೆರಿಕದಲ್ಲಿ ಬಳಕೆಗೆ ಬಂದದ್ದು ೧೯೭೦ರ ದಶಕದಲ್ಲಿ. ಅಗಲವಾದ, ಮೆದು ರಬ್ಬರಿನ ಇಂದಿನ ರೇಡಿಯಲ್ ಟೈರುಗಳನ್ನು ತೊಡಿಸುವುದೊಂದರಿಂದಲೇ ಬಂಡಿ ಬೇರೊಂದು ಬಂಡಿಯಾಗುತ್ತದೆ. ಮೇಲೆ ಹೇಳಿದ ಅರ್ಧ ಸೆಕೆಂಡಿನ ಲಾಭಕ್ಕೆ ಇದೇ ಮುಖ್ಯ ಮಾರ್ಗ.

ಇಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಒಂದು ಸೂಕ್ಷ್ಮವಾದ ವಿಷಯ ಎದುರಾಗುತ್ತದೆ. ಘರ್ಷಣೆಯು ಒತ್ತುವ ಭಾರಕ್ಕೆ ಅನುಪಾತವಾಗಿರುವುದೆಂದು ನಾವು ತರಗತಿಯಲ್ಲಿ ಬೋಧಿಸುತ್ತೇವೆ. ಇದು ೧೬೯೯ರಲ್ಲಿ ಫ್ರಾನ್ಸಿನ ಅಮೋಂತೋಂ ಪ್ರಕಟಿಸಿದ ನಿಯಮ. ಮರ, ಲೋಹಗಳ ಮಟ್ಟಿಗೆ ಇದು ಬಹುವಾಗಿ ಸರಿ. ರಬ್ಬರಿನ ಮಟ್ಟಿಗೆ ಪೂರ್ತಿ ಸರಿಯಲ್ಲ. ಟೈರಿನ ಮೇಲಣ ಭಾರ ಹೆಚ್ಚಿದಂತೆ ಅದರ ಹಿಡಿತವೂ ಹೆಚ್ಚುವುದು ನಿಜ. ಆದರೆ ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗದು, ಸ್ವಲ್ಪ ಕಡಿಮೆಯೇ ಆಗುವುದು. ಇದರ ಪರಿಣಾಮವೇನು? ಗುರುತ್ವಕೇಂದ್ರವು ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದೆಯೆಂದೂ ಎಡ ಬಲ ಗಾಲಿಗಳ ನಡುವಣ ಅಂತರ ೧.೪೨ ಮೀಟರ್ ಎಂದೂ ಇಟ್ಟುಕೊಳ್ಳೋಣ. ಗುರುತ್ವದ ೦.೯ರಷ್ಟು ವೇಗೋತ್ಕರ್ಷದಿಂದ ತಿರುಗುವಾಗ ಒಳಬದಿಯ ಗಾಲಿಗಳಿಂದ ಹೊರಬದಿಯ ಗಾಲಿಗಳಿಗೆ ಸುಮಾರು ೪೪೦ ಕಿಲೋಗ್ರಾಂ ಭಾರ ವರ್ಗವಾಗುತ್ತದೆ. ಎರಡು ಬದಿಗಳಲ್ಲಿ ೭೦೦, ೭೦೦ ಇದ್ದ ಭಾರವು ೨೬೦, ೧೧೪೦ ಆಗುತ್ತದೆ. ಹೊರಗಾಲಿಗಳು ಗಳಿಸಿದ ಹಿಡಿತವು ಒಳಗಾಲಿಗಳು ಕಳೆದುಕೊಂಡಷ್ಟಿರುವುದಿಲ್ಲ, ಒಟ್ಟಿನಲ್ಲಿ ನಷ್ಟವೇ. ಕಾರನ್ನು ತಗ್ಗಿಸಿ ಗುರುತ್ವಕೇಂದ್ರವನ್ನು ಇಳಿಸಿದರೆ ಈ ವರ್ಗಾವಣೆ ಕಡಿಮೆಯಾಗುವುದು. ಓಲಾಟ ತಡೆಯುವ ಉಕ್ಕಿನ ಸರಳನ್ನು ದಪ್ಪಗೊಳಿಸಿದರೆ ವರ್ಗಾವಣೆಯೇ ನಿಲ್ಲುವುದೆಂದು ಹಲವರು ನಂಬುವರು. ಅದು ತಪ್ಪು. ಒಡಲಿನ ಓಲಾಟ ಕಡಿಮೆಯಾಗುವುದು ನಿಜ. ವರ್ಗಾವಣೆಯ ಮೊತ್ತ ಹೆಚ್ಚು ಕಡಿಮೆ ಹಾಗೆಯೇ ಉಳಿದು, ಅದರಲ್ಲಿ ಮುಂದಿನ ಜೋಡಿಗೆಷ್ಟು, ಹಿಂದಿನ ಜೋಡಿಗೆಷ್ಟು ಎಂಬ ಪಾಲು ಮಾತ್ರ ಬದಲಾಗುವುದು. ಮುಂದಿನ ಸರಳು ಅತಿ ಗಡುಸಾದರೆ ಮೂತಿ ತಿರುಗಲೊಲ್ಲದು. ಹಿಂದಿನದು ಅತಿ ಗಡುಸಾದರೆ ಬಾಲ ಜಾರುವುದು.

ಬುದ್ಧಿಯು ಹಣವನ್ನು ಹೇಗೆ ಗೆಲ್ಲುವುದೆಂಬುದಕ್ಕೆ ಮಸ್ಟಾಂಗಿನ ಚರಿತ್ರೆಯಲ್ಲಿಯೇ ಒಂದು ಸೊಗಸಾದ ನಿದರ್ಶನವಿದೆ. ತಿರುವಿನಲ್ಲಿ ಒಡಲು ಹೊರಕ್ಕೆ ವಾಲಿದಾಗ ಹೊರಬದಿಯ ಮುಂಗಾಲಿಯೂ ಅದರೊಡನೆ ವಾಲಿ, ಟೈರು ತನ್ನ ಹೊರ ಅಂಚಿನ ಮೇಲೆ ಮಾತ್ರ ನಿಲ್ಲುವ ದೋಷ ಈ ಕಾರಿನಲ್ಲಿತ್ತು. ಫೋರ್ಡ್ ಕಂಪನಿಯ ಎಂಜಿನಿಯರ್ ಕ್ಲಾಸ್ ಆರ್ನಿಂಗ್ ಇದಕ್ಕೆ ಕಂಡುಕೊಂಡ ಪರಿಹಾರ, ಗಾಲಿಯನ್ನು ಹಿಡಿಯುವ ಮೇಲುತೋಳಿನ ಕೀಲನ್ನು ಒಂದು ಅಂಗುಲ ಕೆಳಕ್ಕೆ ಕೂರಿಸುವುದು. ಹಾಗೆ ಮಾಡಿದರೆ ಸ್ಪ್ರಿಂಗು ಕುಗ್ಗಿದಂತೆಲ್ಲ ತೋಳು ಗಾಲಿಯ ಮೇಲುಭಾಗವನ್ನು ಒಳಕ್ಕೆ ಸೆಳೆದು, ಟೈರನ್ನು ನೆಲಕ್ಕೆ ಸಮನಾಗಿ ಒತ್ತುತ್ತದೆ. ೧೯೬೫ರ ಷೆಲ್ಬಿ ಜಿ.ಟಿ. ೩೫೦ ಎಂಬ ಪಂದ್ಯದ ಮಸ್ಟಾಂಗಿನಲ್ಲಿ ಈ ಬದಲಾವಣೆಯಿತ್ತು. ಇಂದಿನ ಹವ್ಯಾಸಿಯೂ ಒಂದು ಅಳತೆಪಟ್ಟಿ, ಒಂದು ಬೈರಿಗೆಗಳಿಂದ ಇದನ್ನು ಸಾಧಿಸುತ್ತಾನೆ. ಒಂದು ಅಂಗುಲದ ರೇಖಾಗಣಿತಕ್ಕೆ ಹತ್ತಾರು ಅಶ್ವಶಕ್ತಿಗಿಂತ ಹೆಚ್ಚಿನ ಬೆಲೆ!

ಬ್ರೇಕಿನ ವಿಷಯವೂ ಹೀಗೆಯೇ. ಗಂಟೆಗೆ ೭೨ ಕಿಲೋಮೀಟರ್ ವೇಗದಲ್ಲಿ ನಮ್ಮ ಕಾರಿನ ಚಲನಶಕ್ತಿ ೨೮೦ ಕಿಲೋಜೂಲ್. ೩೬ ಕಿಲೋಮೀಟರಿಗೆ ಇಳಿದಾಗ ೭೦ ಕಿಲೋಜೂಲ್. ವೇಗವನ್ನು ಅರ್ಧ ಮಾಡಲು ಶಕ್ತಿಯ ಮುಕ್ಕಾಲು ಪಾಲನ್ನು ಶಾಖವಾಗಿ ಚೆಲ್ಲಬೇಕು. ಈ ಕಾರಿನ ಸಾಧಾರಣ ಮಾದರಿಗೆ ಇದ್ದದ್ದು ನಾಲ್ಕು ಗಾಲಿಗಳಿಗೂ ಡ್ರಮ್ ಬ್ರೇಕು. ಡ್ರಮ್ಮಿನೊಳಗಿನ ಮುಂದಣ ಪಟ್ಟಿಯನ್ನು ಘರ್ಷಣೆಯೇ ಇನ್ನಷ್ಟು ಒಳಕ್ಕೆ ಎಳೆದು ಒತ್ತುವುದರಿಂದ ಸ್ವಲ್ಪ ಒತ್ತಿದರೂ ಹೆಚ್ಚು ಹಿಡಿಯುತ್ತದೆ. ಗುಣವೂ ಇದೇ, ದೋಷವೂ ಇದೇ. ಎಡಕ್ಕೂ ಬಲಕ್ಕೂ ಇರುವ ಅಲ್ಪ ವ್ಯತ್ಯಾಸವೂ ಬೆಳೆದು ದೊಡ್ಡದಾಗಿ, ಕಾರು ಒಂದು ಬದಿಗೆ ಎಳೆಯುತ್ತದೆ. ಡಿಸ್ಕ್ ಬ್ರೇಕಿನಲ್ಲಿ ಈ ಗುಣಾಕಾರವಿಲ್ಲ. ಕಾಲು ಒತ್ತಿದಷ್ಟೇ ಫಲ. ನಂಬಬಹುದಾದ ಬ್ರೇಕಿದ್ದರೆ ಮಾತ್ರ ಸವಾರನು ತಿರುವಿನ ಸಮೀಪದವರೆಗೆ ಧೈರ್ಯವಾಗಿ ಹೋಗಬಲ್ಲ.

ಎಂಜಿನಿಗೂ ಮಾಡಬೇಕಾದ ಕೆಲಸವುಂಟು. ಆದರೆ ಅದು ಶಕ್ತಿ ಹೆಚ್ಚಿಸುವ ಕೆಲಸವಲ್ಲ, ಇರುವುದನ್ನು ಕಾಪಾಡುವ ಕೆಲಸ. ಗುರುತ್ವದ ೦.೯ರಷ್ಟು ಅಡ್ಡ ವೇಗೋತ್ಕರ್ಷದಲ್ಲಿ ಕಾರ್ಬ್ಯುರೇಟರಿನ ಬಟ್ಟಲಿನ ಪೆಟ್ರೋಲು, ಎಂಜಿನಿನ ತಳದ ಎಣ್ಣೆ, ಎರಡರ ಮೇಲ್ಮೈಯೂ ೪೨ ಡಿಗ್ರಿ ಓರೆಯಾಗುವುದು. ಹೀರುವ ಕೊಳವೆಯ ಬಾಯಿ ಬರಿದಾದರೆ ಎಂಜಿನು ಕೆಮ್ಮುವುದು. ಎಣ್ಣೆ ಸಿಕ್ಕದಿದ್ದರೆ ಬೇರಿಂಗುಗಳು ಸುಡುವುವು. ತಳದ ತೊಟ್ಟಿಯಲ್ಲಿ ಅಡ್ಡತಡಿಕೆಗಳನ್ನಿರಿಸಿ ಎಣ್ಣೆ ಸರಿಯದಂತೆ ನೋಡಿಕೊಳ್ಳುವರು.

ಬಂಡಿ ಸಿದ್ಧವಾಯಿತು, ಇನ್ನು ನಡೆಸುವುದು. ಟೈರಿನ ಹಿಡಿತಕ್ಕೆ ಒಂದು ಮಿತಿಯಿದೆ. ಅದನ್ನು ತಿರುಗುವುದಕ್ಕೆ, ನಿಲ್ಲಿಸುವುದಕ್ಕೆ, ನೂಕುವುದಕ್ಕೆ ಹಂಚಿಕೊಳ್ಳಬೇಕು. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಆದರೆ ಈ ಹಾಸಿಗೆ ಚೌಕವಲ್ಲ, ವೃತ್ತ. ಜರ್ಮನಿಯ ಎಂಜಿನಿಯರ್ ಕಾಮ್ ಅವರ ಹೆಸರಿನಿಂದ ಇದನ್ನು ಕಾಮ್ ವೃತ್ತವೆಂದು ಕರೆಯುವರು. ಎರಡು ಬಲಗಳು ಲಂಬಕೋನದಲ್ಲಿ ಕೂಡುವುದರಿಂದ ಇಲ್ಲಿ ಪೈಥಾಗೊರಸನ ಪ್ರಮೇಯವೇ ಅನ್ವಯಿಸುವುದು. ಹಿಡಿತದ ಐದು ಪಾಲಿನಲ್ಲಿ ಮೂರನ್ನು ಬ್ರೇಕಿಗೆ ಕೊಟ್ಟರೆ ತಿರುಗುವುದಕ್ಕೆ ಉಳಿಯುವುದು ಎರಡಲ್ಲ, ನಾಲ್ಕು. ನಿಪುಣನಾದ ಸವಾರನು ಬ್ರೇಕನ್ನು ಮೆಲ್ಲನೆ ಸಡಿಲಿಸುತ್ತ ಅಷ್ಟಷ್ಟೇ ಸ್ಟಿಯರಿಂಗ್ ತಿರುಗಿಸುವುದರ ರಹಸ್ಯ ಇದೇ. ಆದರೆ ಐದೂ ಪಾಲನ್ನು ಬ್ರೇಕಿಗೇ ಕೊಟ್ಟವನ ಮುಂಗಾಲಿಗಳು ಎತ್ತ ತಿರುಗಿಸಿದರೂ ನೆಟ್ಟಗೆ ಜಾರುವುವು. "ಆತುರಗಾರನಿಗೆ ಬುದ್ಧಿ ಮಟ್ಟ" ಎಂಬುದನ್ನು ಶಂಕುಗಳು ಎರಡು ಸೆಕೆಂಡುಗಳ ದಂಡ ಹಾಕಿ ಕಲಿಸುತ್ತವೆ. ತಿರುವಿನಿಂದ ಹೊರಬರುವಾಗಲೂ ಹಾಗೆಯೇ. ಸಾಧಾರಣ ಡಿಫರೆನ್ಷಿಯಲ್ ಎರಡೂ ಹಿಂಗಾಲಿಗಳಿಗೆ ಸಮನಾದ ತಿರುಚುಬಲವನ್ನೇ ಹಂಚುವುದರಿಂದ, ಭಾರ ಕಳೆದುಕೊಂಡ ಒಳಗಾಲಿ ಎಷ್ಟನ್ನು ತಾಳಬಲ್ಲುದೋ ಅಷ್ಟೇ ಹೊರಗಾಲಿಗೂ ದೊರೆಯುವುದು. ತಾಳ್ಮೆಯಿಂದ ಕಾಲನ್ನೊತ್ತಿದವನೇ ಮೊದಲು ಹೊರಬರುತ್ತಾನೆ.

ಒಂದು ದಿನಕ್ಕೆ ದೊರೆಯುವುದು ಕೆಲವೇ ಓಟಗಳು. ಆದ್ದರಿಂದ ವಿವೇಕಿಯಾದ ಹವ್ಯಾಸಿಯು ಮೊದಲು ಹಾದಿಯನ್ನು ಕಾಲ್ನಡಿಗೆಯಲ್ಲಿ ನೋಡಿ ಬರುವನು. ಟೈರಿನ ಗಾಳಿಯ ಒತ್ತಡ, ನೆಲದ ಬಿಸಿ, ಓಟದ ಕಾಲ ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡುವನು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸುವನು. ಎರಡನ್ನು ಒಮ್ಮೆಗೇ ಬದಲಿಸಿದರೆ ಲಾಭ ಯಾವುದರಿಂದ ಬಂದಿತೆಂದು ತಿಳಿಯುವ ಬಗೆಯೇ ಇಲ್ಲ. ನಮ್ಮ ಪ್ರಯೋಗಶಾಲೆಗಳಲ್ಲಿ ವಿದ್ಯಾರ್ಥಿಗಳಿಗೆ ಎಷ್ಟು ಸಲ ಹೇಳಿದರೂ ನಾಟದ ಈ ಪಾಠವನ್ನು ಗಡಿಯಾರವೊಂದು ಅರ್ಧ ದಿನದಲ್ಲಿ ಕಲಿಸಿಬಿಡುತ್ತದೆ.

ಇದಕ್ಕೆ ಆಕ್ಷೇಪಣೆಗಳಿಲ್ಲದೆ ಇಲ್ಲ. ಹಳೆಯ ಕಾರು ಚರಿತ್ರೆಯ ವಸ್ತು, ಕಾರ್ಖಾನೆಯಿಂದ ಬಂದಂತೆಯೇ ಅದನ್ನು ಉಳಿಸಬೇಕು ಎಂಬುದು ಒಂದು. ಉಳಿದಿರುವುದು ಕೆಲವೇ ಎಂಬಂತಹ ಅಪೂರ್ವ ಮಾದರಿಗಳ ಮಟ್ಟಿಗೆ ಈ ಮಾತನ್ನು ನಾವು ಒಪ್ಪುತ್ತೇವೆ. ಆದರೆ ಲಕ್ಷಗಟ್ಟಲೆ ತಯಾರಾದ ಸಾಧಾರಣ ಮಾದರಿಗಳಲ್ಲಿ ಕೆಲವು ಓಡುತ್ತ ಕಲಿಸಿದರೆ ಚರಿತ್ರೆಗೆ ನಷ್ಟವಿಲ್ಲ. ಇಂದಿನ ಹಗುರವಾದ ಕಾರು ಇದೇ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುವುದಲ್ಲವೆ ಎಂಬುದು ಇನ್ನೊಂದು. ಗಡಿಯಾರದ ಮಟ್ಟಿಗೆ ಅದು ನಿಜ. ಆದರೆ ಇಂದಿನ ಕಾರಿನಲ್ಲಿ ಗಾಲಿ ಬಿಗಿದುಕೊಳ್ಳದಂತೆ, ಬಾಲ ಜಾರದಂತೆ ನೋಡಿಕೊಳ್ಳುವ ವಿದ್ಯುನ್ಮಾನ ಸಾಧನಗಳು ಸವಾರನ ತಪ್ಪನ್ನು ಮರೆಮಾಚುತ್ತವೆ. ರಸ್ತೆಯಲ್ಲಿ ಅವು ಪ್ರಾಣರಕ್ಷಕಗಳು, ಅವುಗಳನ್ನು ನಾವು ಹಳಿಯುವುದಿಲ್ಲ. ಕಲಿಯುವವನಿಗೆ ಮಾತ್ರ ಏನನ್ನೂ ಮರೆಮಾಚದ ಹಳೆಯ ಕಾರು ಒಳ್ಳೆಯ ಗುರು. ಪೆಟ್ರೋಲು ವ್ಯರ್ಥ, ಹೊಗೆ ಹೆಚ್ಚು ಎಂಬುದು ಮೂರನೆಯದು. ಹಳೆಯ ಎಂಜಿನಿನ ಹೊಗೆ ಇಂದಿನದಕ್ಕಿಂತ ಮಲಿನವೆಂಬುದರಲ್ಲಿ ಸಂದೇಹವಿಲ್ಲ. ದಿನವೆಲ್ಲ ಆಡಿದರೂ ಪಂದ್ಯದ ಓಟ ಹತ್ತು ಕಿಲೋಮೀಟರನ್ನು ಮೀರುವುದು ವಿರಳವೆಂಬುದಷ್ಟೇ ಇದಕ್ಕೆ ಸಮಾಧಾನ; ದೋಷವಿಲ್ಲವೆಂದು ನಾವು ವಾದಿಸುವುದಿಲ್ಲ.

ನಮ್ಮ ವಾಚಕರಲ್ಲಿ ಮಸ್ಟಾಂಗ್ ಕಾರನ್ನು ಕಂಡವರೇ ಕಡಿಮೆ. ಓಡಿಸುವವರಂತೂ ಇನ್ನೂ ಕಡಿಮೆ. ಹಾಗಿದ್ದರೂ ಇಷ್ಟನ್ನು ಬರೆದುದಕ್ಕೆ ಕಾರಣವಿದೆ. ನಮ್ಮ ಊರುಗಳ ರಸ್ತೆಗಳಲ್ಲಿ ತರುಣರು ಮೋಟಾರು ಬೈಕಿನ ಮುಂಗಾಲಿಯನ್ನು ಗಾಳಿಗೆತ್ತಿ ಸವಾರಿ ಮಾಡುವುದನ್ನು ಎಲ್ಲರೂ ಕಂಡಿದ್ದಾರೆ. ನೋಡುವವರಿಗೆ ಅದು ಶೌರ್ಯವೆಂದು ತೋರುವುದು. ಭೌತಶಾಸ್ತ್ರದ ಕಣ್ಣಿಗೆ ತೋರುವುದು ಬೇರೆ. ನೆಲವನ್ನು ಬಿಟ್ಟ ಗಾಲಿಯ ಮೇಲಣ ಭಾರ ಸೊನ್ನೆ, ಆದ್ದರಿಂದ ಹಿಡಿತವೂ ಸೊನ್ನೆ. ಬೈಕನ್ನು ತಿರುಗಿಸುವ ಗಾಲಿ ಅದೇ, ನಿಲ್ಲಿಸುವುದರಲ್ಲಿ ದೊಡ್ಡ ಪಾಲು ಹೊರುವುದೂ ಅದೇ. ಎಳೆಯ ಮಗುವೊಂದು ಅಡ್ಡ ಬಂದ ಗಳಿಗೆಯಲ್ಲಿ ಆ ಸವಾರನ ಕೈಯಲ್ಲಿ ಅಶ್ವಶಕ್ತಿಯೊಂದನ್ನು ಬಿಟ್ಟು ಬೇರೇನೂ ಇರುವುದಿಲ್ಲ. ಮಳೆಗಾಲದ ಮೊದಲ ಹನಿಗಳು ಬಿದ್ದು, ರಸ್ತೆಯ ಧೂಳೂ ಎಣ್ಣೆಯೂ ಕಲೆತು ಜಾರುವಾಗ, ಎರಡು ಗಾಲಿ ನೆಲದ ಮೇಲಿದ್ದರೂ ಹಾಸಿಗೆ ಕಿರಿದಾಗುವುದು; ನಿನ್ನೆ ಸರಿಯಾಗಿದ್ದ ವೇಗ ಇಂದು ಸರಿಯಲ್ಲ. ಇದನ್ನು ತಿಳಿಯದೆ ಎಷ್ಟೋ ಮನೆಗಳಲ್ಲಿ ದೀಪ ಆರಿದೆ.

ವೇಗವನ್ನು ಬಯಸಬೇಡಿರೆಂದು ತರುಣರಿಗೆ ಉಪದೇಶಿಸಿ ಫಲವಿಲ್ಲ. ಆ ಬಯಕೆ ತಪ್ಪೂ ಅಲ್ಲ. ಅದಕ್ಕೆ ತಕ್ಕ ಸ್ಥಳವನ್ನು ತೋರಿಸಬೇಕು. ಜನಸಂಚಾರವಿಲ್ಲದ ಬಯಲು, ಉರುಳಿದರೆ ಯಾರಿಗೂ ನೋಯದ ಶಂಕುಗಳು, ತಪಾಸಣೆಯಾದ ಬಂಡಿ, ತಲೆಗೆ ಹೆಲ್ಮೆಟ್, ಬಲ್ಲ ಹಿರಿಯರ ಮೇಲ್ವಿಚಾರಣೆ, ಇಷ್ಟಿದ್ದರೆ ಅದೇ ಬಯಕೆ ವಿದ್ಯೆಯಾಗುವುದು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳೂ ಮೋಟಾರು ಕ್ರೀಡೆಯ ಸಂಘಗಳೂ ಕೂಡಿ, ದುಬಾರಿ ಕಾರುಗಳಿಲ್ಲದೆ, ಸಾಧಾರಣ ವಾಹನಗಳಿಂದಲೇ ಇಂತಹ ಪಾಠವನ್ನು ಏರ್ಪಡಿಸಬಹುದು. ಪರವಾನಗಿ ಪಡೆಯುವ ಪ್ರತಿಯೊಬ್ಬ ತರುಣನೂ ಒಮ್ಮೆಯಾದರೂ ಕ್ಷೇಮವಾದ ಬಯಲಿನಲ್ಲಿ ಹಿಡಿತ ತಪ್ಪುವುದೆಂದರೇನೆಂದು ಅನುಭವದಿಂದ ತಿಳಿಯಬೇಕೆಂಬುದು ನಮ್ಮ ಅಭಿಮತ.

ಅಧ್ಯಾಪಕರಿಗೂ ಇಲ್ಲಿ ಕೆಲಸವಿದೆ. ಘರ್ಷಣೆಯೆಂದರೆ ಶಕ್ತಿಯನ್ನು ನುಂಗುವ ಶತ್ರು, ಎಣ್ಣೆ ಹಾಕಿ ಅಡಗಿಸಬೇಕಾದ ಪೀಡೆ ಎಂಬಂತೆ ನಾವು ಪಾಠ ಹೇಳುತ್ತೇವೆ. ಅಚ್ಚಿನ ಬಳಿ ಅದು ಶತ್ರು. ಟೈರಿನ ಬಳಿ ಅದೇ ಮಿತ್ರ, ಬಂಡಿಗಿರುವ ಏಕೈಕ ಮಿತ್ರ. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಅಕ್ಷರ ಅಳಿಸುವ ದಪ್ಪ ರಬ್ಬರಿನ ತುಂಡೊಂದನ್ನು ಹಲಗೆಯ ಮೇಲಿಟ್ಟು, ಅದರ ಮೇಲೆ ತೂಕದ ಬಟ್ಟುಗಳನ್ನು ಒಂದೊಂದಾಗಿ ಹೇರುತ್ತ, ಸ್ಪ್ರಿಂಗು ತಕ್ಕಡಿಯಿಂದ ಮೆಲ್ಲನೆ ಎಳೆಯಿರಿ. ಜಾರತೊಡಗುವ ಬಲವನ್ನು ರಬ್ಬರೂ ಬಟ್ಟುಗಳೂ ಸೇರಿದ ಒಟ್ಟು ಭಾರದಿಂದ ಭಾಗಿಸಿ, ಬಂದ ಅಂಕಿಗಳನ್ನು ಸಾಲಾಗಿ ಬರೆಯಿರಿ. ಭಾರ ಏರಿದಂತೆ ಅಂಕ ಸ್ಥಿರವಾಗಿ ನಿಲ್ಲುವುದೋ, ಇಳಿಯುವುದೋ? ಹಲಗೆಯನ್ನು ಒದ್ದೆ ಮಾಡಿದರೆ ಏನಾಗುವುದು? ಧೂಳು ಉದುರಿಸಿದರೆ? ಮರದ ತುಂಡನ್ನೂ ಇದೇ ರೀತಿ ಎಳೆದು ಹೋಲಿಸಿ ನೋಡಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬುದನ್ನು ಮರೆಯಬೇಡಿರಿ.

ಆ ಅಂಕಿಗಳನ್ನು ಕೈಯಲ್ಲಿ ಹಿಡಿದವನು ಮುಂದೊಂದು ದಿನ ಬಂಡಿಯೇರಿದಾಗ, ಅದರ ಅಶ್ವಶಕ್ತಿ ಎಷ್ಟೆಂದು ಕೇಳುವ ಮೊದಲು ಬಗ್ಗಿ ಅದರ ಟೈರನ್ನು ನೋಡುವನು. ಭೌತಶಾಸ್ತ್ರದ ಪಾಠ ಸಾರ್ಥಕವಾಯಿತೆನ್ನಲು ನಮಗೆ ಅಷ್ಟು ಸಾಕು.